ಜಾಲಕ್ಕೊಂದು ಹಂದರ

ಆಷಾಢ ಮಾಸದ ಬಿದಿಗೆ. ಬೆಳಗಿನಿಂದ ಗಾಳಿ ಬೀಸುತ್ತಿತ್ತು. ಬಿಳಿ ಮೋಡಗಳು ಓಡುತ್ತಿದ್ದವು. ಮಳೆ ಇರಲಿಲ್ಲ.

ಆ ದಿನ ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಸಭೆ ಸೇರಿದ್ದವು. ಅದು ಬಂಡೆಗಳ ನಡುವೆ ಬೆಳೆದ ಕುರುಚಲು ಕಾಡು. ಕಾಡಿನ ನಡುವೆ ಒಂದು ಹಳ್ಳ ಇತ್ತು. ವರ್ಷದ ಬಹುಪಾಲು ಅದರಲ್ಲಿ ಬರೀ ಮರಳು. ಆದರೆ ದೂರದ ಬೆಟ್ಟದಲ್ಲಿ ಮಳೆ ಬಿದ್ದರೆ, ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹಳ್ಳ ತುಂಬಿ ಬರುತ್ತಿತ್ತು. ನೀರು ಬಂದಮೇಲೆಯೇ ಬಂತೆಂದು ಗೊತ್ತಾಗುತ್ತಿತ್ತು.

ಸಭೆ ಕರೆಸಿದವಳು ಮುಳ್ಳಕ್ಕ ಎಂಬ ಮುಳ್ಳುಹಂದಿ. ಹಳ್ಳದ ದಡದಲ್ಲಿ ಅವಳ ಬಿಲ. ಬಿಲದಲ್ಲಿ ಎರಡು ಎಳೆಯ ಮರಿಗಳು. ಅವುಗಳ ಮುಳ್ಳು ಇನ್ನೂ ಹುಲ್ಲಿನಷ್ಟು ಮೆತ್ತಗಿತ್ತು.

ಕಾಡಿಗೆ ಹಿರಿಯನಾದ ಕರಡಿಯ ಮುಂದೆ ನಿಂತು ಮುಳ್ಳಕ್ಕ ಹೇಳಿದಳು: "ಯಜಮಾನರೇ, ಹೋದ ವರ್ಷ ಮೊಲದ ಸಂಸಾರವೇ ನೀರುಪಾಲಾಯಿತು. ನನ್ನ ಮರಿಗಳಿಗೆ ಇನ್ನೂ ಕಾಲು ಬಲಿತಿಲ್ಲ. ಬೇರೆ ಕಡೆ ಹೋಗೋಣ ಅಂದರೆ ಎಲ್ಲಿ ತೋಡಿದರೂ ಕಲ್ಲು. ಮೇಲಿನ ಬಂಡೆಯ ಸಂದಿಯಲ್ಲೇ ಇದ್ದುಬಿಡೋಣ ಅಂದರೆ ಚಿರತೆ ಕಾಟ. ಬೆಟ್ಟದಲ್ಲಿ ಮಳೆ ಹಿಡೀತು ಅನ್ನೋದು ನನಗೆ ಗೊತ್ತಾದರೆ ಸಾಕು. ನೀರು ಇಲ್ಲಿಗೆ ಬರೋದರೊಳಗೆ ಮರಿಗಳನ್ನ ಮೇಲೆ ಸಾಗಿಸಿಬಿಡ್ತೀನಿ."

"ಮಳೆ ಹಿಡೀತು. ಅಷ್ಟೇ ತಾನೆ?" ಎಂದು ಕರಡಿ ಕೇಳಿತು.

"ಅಷ್ಟೇ."

"ಹಾಗಾದರೆ ಜೇಡಗಳಿಗೆ ಹೇಳಿ ಒಂದು ಜಾಲ ನೇಯಿಸೋಣ. ಬೆಟ್ಟದಲ್ಲಿ ಎಳೆ ಅಲುಗಿದರೆ ಇಲ್ಲಿ ತಿಳೀಬೇಕು. ಜಾಲ ಅಂದಮೇಲೆ ಅದಕ್ಕೊಂದು ಹಂದರ ಬೇಕಲ್ಲ! ಎಂಥ ಹಂದರ ಹಾಕೋಣ?"

ಅಷ್ಟು ಹೊತ್ತಿಗೆ ಮುಸುವ ಕೊಂಬೆಯಿಂದ ಕೊಂಬೆಗೆ ಹಾರುತ್ತ ಬಂತು. ಅದು ಯಾವ ಸಭೆಗೂ ತಡವಾಗಿಯೇ ಬರುತ್ತಿತ್ತು. ಕೊನೆಯ ಮಾತು ಮಾತ್ರ ಅದರ ಕಿವಿಗೆ ಬಿತ್ತು.

"ಹಂದರವೇ? ಯಾರ ಮದುವೆ? ನನಗೆ ಯಾರೂ ಹೇಳಲೇ ಇಲ್ಲವಲ್ಲ!"

ಎಲ್ಲರೂ ನಕ್ಕರು. ಆ ಕಡೆಯ ಮಾತಿನಲ್ಲಿ ಬಳ್ಳಿ ಹಬ್ಬಿಸಲು ಕಟ್ಟುವ ಕೋಲುಗಳೂ ಹಂದರವೇ. ಮದುವೆಗೆ ಹಾಕುವ ಚಪ್ಪರವೂ ಹಂದರವೇ. ಮುಸುವನಿಗೆ ಎರಡನೆಯದೇ ಇಷ್ಟ. ಅಲ್ಲಿ ಬಾಳೆಹಣ್ಣು ಸಿಗುತ್ತದೆ.

ನಗು ನಿಲ್ಲುವ ಮೊದಲೇ ಒಂದು ನರಿ ಎದ್ದು ನಿಂತಿತು. ಅದರ ಹೆಸರು ಜಂಬಣ್ಣ. ಹೊಳೆಯಾಚೆಗಿನ ಆನೆಗಳ ಕಾಡಿಗೆ ಹೋಗಿಬಂದ ಮೇಲೆ ಅವನು ಬಾಲ ಎತ್ತಿಕೊಂಡೇ ನಡೆಯುತ್ತಿದ್ದ.

"ಮುಸುವಣ್ಣ ತಮಾಷೆಗೆ ಅಂದರೂ ಸರಿಯಾಗಿಯೇ ಅಂದ," ಎಂದ ಜಂಬಣ್ಣ. "ಹಂದರ ಅಂದಮೇಲೆ ನೋಡಿದವರು ತಲೆ ಎತ್ತಿ ನೋಡಬೇಕು. ಆನೆಗಳ ಕಾಡಿನಲ್ಲಿ ನೂಲಜ್ಜಿ ಅನ್ನೋ ಜೇಡ ಒಂದು ಹಂದರ ಕಟ್ಟಿದ್ದಾಳೆ. ಒಂದು ಮರದಿಂದ ಇನ್ನೊಂದು ಮರಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಯಾವ ಕೆರೆಯಲ್ಲಿ ನೀರಿದೆ, ಯಾವ ಮರ ಹಣ್ಣು ಬಿಟ್ಟಿದೆ, ಯಾರ ಮನೆಯಲ್ಲಿ ಬಾಣಂತನ, ಎಲ್ಲ ಸುದ್ದಿ ಅದರಲ್ಲೇ. ಈಗ ದೊಡ್ಡ ಕಾಡುಗಳೆಲ್ಲ ಅದನ್ನೇ ಹಾಕಿಸುತ್ತಿವೆ. ನಾವೇನು ಅವರಿಗಿಂತ ಕಡಿಮೆಯೇ?"

"ನಾನು ಕುಣಿಯೋ ಸುದ್ದಿಯೂ ಹೋಗುತ್ತದೆಯೇ?" ಎಂದಿತು ನವಿಲು.

"ನೀನು ಗರಿ ಬಿಚ್ಚುವ ಮೊದಲೇ ಹೋಗುತ್ತೆ, ತಾಯಾಣೆ."

"ಹಣ್ಣಿನ ಸುದ್ದಿ ನನಗೆ ಮೊದಲು," ಎಂದಿತು ಮುಸುವ.

"ನನಗೆ ಜೇನಿನ ಸುದ್ದಿ," ಎಂದಿತು ಕರಡಿ, ಸ್ವಲ್ಪ ನಾಚಿಕೊಂಡು.

ಮುಳ್ಳಕ್ಕ ಹೇಳಿದಳು: "ಯಜಮಾನರೇ, ನನಗೆ ಬೇಕಾದ್ದು ಒಂದೇ ಸುದ್ದಿ."

"ಒಂದು ಸುದ್ದಿಗೆ ಆಗೋ ಹಂದರ ಹತ್ತು ಸುದ್ದಿಗೂ ಆಗಲಿ ಬಿಡಮ್ಮ," ಎಂದಿತು ಕರಡಿ. "ಸಣ್ಣ ಹಂದರ ಹಾಕಿ ನಾಲ್ಕು ಜನರ ಮುಂದೆ ನಗೆಪಾಟಲಾಗೋದು ಬೇಡ."

ಕೆಲಸ ಮರುದಿನವೇ ಶುರುವಾಯಿತು. ಅಂಥ ಹಂದರಕ್ಕೆ ದೊಡ್ಡ ಮರಗಳು ಬೇಕು. ಆ ಕಾಡಿನಲ್ಲಿ ದೊಡ್ಡ ಮರಗಳಿದ್ದದ್ದು ಹಳ್ಳದ ಎರಡು ದಡಗಳಲ್ಲಿ ಮಾತ್ರ. ಹಾಗಾಗಿ ಹಂದರ ಹಳ್ಳದ ಮೇಲೆಯೇ ಎದ್ದಿತು. ಮುಳ್ಳುಕಂಟಿಯ ಜೇಡಗಳು ಗುಂಪುಗುಂಪಾಗಿ ಬಂದು ನೇಯ್ದವು. ಒಂದು ಎಳೆಯನ್ನು ಬೆಟ್ಟದವರೆಗೂ ಎಳೆದವು. ಬೇರೆ ಬೇರೆ ದಿಕ್ಕಿನಿಂದ ಎಳೆಗಳು ಬಂದು ಹಳ್ಳದ ಮರಳಿನಲ್ಲಿದ್ದ ಒಂದು ಹಾಸುಗಲ್ಲಿನ ಹತ್ತಿರ ಸೇರುತ್ತಿದ್ದವು. ಜಂಬಣ್ಣ ಆ ಕಲ್ಲಿನ ಮೇಲೆ ಕೂತ.

ಹಂದರ ಚೆಂದವಾಗಿತ್ತು. ಅದನ್ನು ಒಪ್ಪಿಕೊಳ್ಳಬೇಕು. ಬೆಳಗಿನ ಇಬ್ಬನಿಯಲ್ಲಿ ಅದು ಹೊಳೆಯುವಾಗ ಪಕ್ಕದ ಕಾಡಿನ ಜಿಂಕೆಗಳು ಬಂದು ನಿಂತು ನೋಡುತ್ತಿದ್ದವು.

ಆದರೆ ಅದು ಸುಮ್ಮನಿರುತ್ತಿರಲಿಲ್ಲ. ನವಿಲು ಕುಣಿದರೆ ನಡುಗುತ್ತಿತ್ತು. ಮುಸುವ ಹಣ್ಣು ಕಿತ್ತರೆ ನಡುಗುತ್ತಿತ್ತು. ದುಂಬಿಯೊಂದು ಸಿಕ್ಕಿಬಿದ್ದರೂ ಹಂದರಕ್ಕೆ ಹಂದರವೇ ಜಗ್ಗಾಡುತ್ತಿತ್ತು. ಮೊದಲ ಸಲ ನಡುಗಿದಾಗ ಮುಳ್ಳಕ್ಕ ನಿದ್ದೆಯಿಂದೆದ್ದು ಒಂದು ಮರಿಯನ್ನು ಕಚ್ಚಿಕೊಂಡು ಬಂಡೆ ಹತ್ತಿದಳು. ಒಂದು ಸಲಕ್ಕೆ ಒಂದೇ ಮರಿ. ಅದನ್ನಿಟ್ಟು ಇನ್ನೊಂದಕ್ಕೆ ಓಡಿ ಬಂದಳು. ಹಳ್ಳದಲ್ಲಿ ನೀರಿರಲಿಲ್ಲ. ನವಿಲು ಕುಣಿಯುತ್ತಿತ್ತು.

"ಜಂಬಣ್ಣ, ಯಾವ ನಡುಕ ಮಳೆಯದು, ಯಾವುದು ನವಿಲಿನದು, ನನಗೆ ಹೇಗೆ ಗೊತ್ತಾಗಬೇಕು?"

"ನಿನಗೆ ಹೇಗೆ ಗೊತ್ತಾಗುತ್ತೆ ಅಕ್ಕ! ಇದನ್ನ ಓದೋಕೆ ಕಲಿತಿರಬೇಕು. ನಾನು ಆನೆಗಳ ಕಾಡಿನಲ್ಲಿ ಕಲಿತು ಬಂದಿದ್ದೀನಿ." ಜಂಬಣ್ಣ ಮೀಸೆ ಸವರಿಕೊಂಡ. "ಸುಮ್ಮನೆ ಹೇಳೋಕಾಗಲ್ಲ ನೋಡು. ನನಗೂ ಹೊಟ್ಟೆ ಇದೆ. ಬೇರೆಯವರು ಮೊಟ್ಟೆ ಕೊಡ್ತಾರೆ. ನಿನ್ನ ಹತ್ತಿರ ಏನಿದೆ?"

ಮುಳ್ಳಕ್ಕನ ಹತ್ತಿರ ಕಾಡುಗೆಣಸು ಇತ್ತು. ಮಳೆಗಾಲಕ್ಕೆಂದು ಅಗೆದು ತಂದು ಕೂಡಿಟ್ಟದ್ದು. ನಡುಕ ಬಂದಾಗಲೆಲ್ಲ ಅವಳು ಒಂದು ಗೆಣಸು ಕೊಟ್ಟು ಕೇಳತೊಡಗಿದಳು. ಜಂಬಣ್ಣ ಎಳೆಯ ಮೇಲೆ ಕಾಲಿಟ್ಟು, ಕಣ್ಣು ಮುಚ್ಚಿ, "ಮಳೆಯಲ್ಲ, ಹೋಗಿ ಮಲಗು" ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ ಅವನಿಗೂ ಒಂದು ನಡುಕಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆಕಾಶ ನೋಡಿ ಹೇಳುತ್ತಿದ್ದ. ಆದರೆ ಕೇಳುವವರು ಕಾಯಬೇಕಾದಷ್ಟು ಹೊತ್ತು ಕಣ್ಣು ಮುಚ್ಚಿರುತ್ತಿದ್ದ.

ಮುಳ್ಳಕ್ಕ ಸೊರಗಿದಳು. ಮರಿಗಳಿಗೆ ಹಾಲು ಸಾಲದೆ ಬಂತು. ಹಗಲು ನಿದ್ದೆ ಇಲ್ಲ. ಬೆಟ್ಟದ ಕಡೆ ಮೋಡ ಮಾತ್ರ ದಿನದಿಂದ ದಿನಕ್ಕೆ ಕಪ್ಪಾಗುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಹೊಳೆ ದಾಟಿ ಒಂದು ಕಡವೆ ಬಂತು. ಅದರ ಕೊಂಬಿನ ಮೇಲೆ ಒಂದು ಮುದಿ ಜೇಡ ಕೂತಿತ್ತು. ಉದ್ದ ಕಾಲು, ಹಳದಿ ಪಟ್ಟೆಯ ಬೆನ್ನು. ಬಂದವಳು ನೂಲಜ್ಜಿ.

"ನನ್ನ ಹಂದರದ ತದ್ರೂಪ ಇಲ್ಲೊಂದು ಎದ್ದಿದೆಯಂತೆ. ನೋಡಿಕೊಂಡು ಹೋಗೋಣ ಅಂತ ಬಂದೆ," ಎಂದಳು. ಕೊಂಬಿನಿಂದ ಇಳಿದು ಹಂದರದ ಉದ್ದಗಲಕ್ಕೂ ನಡೆದಳು. ಅಲ್ಲಲ್ಲಿ ಎಳೆ ಮೀಟಿ ನೋಡಿದಳು. "ನೇಯ್ಗೆ ಒಳ್ಳೆಯದಿದೆ. ಕಂಟಿಯ ಹುಡುಗಿಯರು ಕಷ್ಟಪಟ್ಟಿದ್ದಾರೆ. ಇದರಲ್ಲಿ ಏನೇನು ಸುದ್ದಿ ಬರುತ್ತೆ?"

"ಎಲ್ಲ ಸುದ್ದಿ," ಎಂದ ಜಂಬಣ್ಣ.

"ಎಲ್ಲ ಸುದ್ದಿ ಯಾರಿಗೆ ಬೇಕಿತ್ತು?"

ಮುಳ್ಳಕ್ಕ ಮುಂದೆ ಬಂದಳು. "ಅಜ್ಜಿ, ಕೇಳಿದವಳು ನಾನು. ನನಗೆ ಬೇಕಿದ್ದದ್ದು ಒಂದೇ." ಅವಳು ಎಲ್ಲ ಹೇಳಿದಳು.

ನೂಲಜ್ಜಿ ಎಂಟೂ ಕಾಲು ಮಡಚಿ ಕೂತು ಕೇಳಿದಳು. ಆಮೇಲೆ ಪ್ರಶ್ನೆ ಶುರು ಮಾಡಿದಳು.

"ಸುದ್ದಿ ಬಂದಾಗ ನೀನೇನು ಮಾಡ್ತಿರ್ತೀಯ?"

"ಮಲಗಿರ್ತೀನಿ ಅಜ್ಜಿ. ಹಗಲು ನನಗೆ ರಾತ್ರಿ ಇದ್ದ ಹಾಗೆ."

"ಕಣ್ಣಿಂದ ನೋಡಿ ತಿಳಿಯೋ ಸುದ್ದಿ ನಿನಗೆ ಬೇಡ ಅಂತಾಯ್ತು. ತಡವಾದರೆ?"

"ಒಂದೇ ಮರಿ ಉಳಿಯುತ್ತೆ."

ನೂಲಜ್ಜಿ ಅವಳ ಬಿಲದ ಕಡೆ ನೋಡಿದಳು. "ಎಳೆ ಹರಿದರೆ ಸರಿಮಾಡೋರು ಯಾರು?"

"ಯಾರೂ ಇಲ್ಲ. ನಾನೇ."

"ನಿನಗೆ ನೇಯೋಕೆ ಬರುತ್ತಾ?"

"ಗಂಟು ಹಾಕೋಕೆ ಬರುತ್ತೆ. ಹಲ್ಲಿನಿಂದ."

"ಸಾಕು," ಎಂದಳು ನೂಲಜ್ಜಿ. ಕರಡಿಯ ಕಡೆ ತಿರುಗಿದಳು. "ಏನಪ್ಪಾ ಯಜಮಾನ, ನೀನು ಹಾಕಿಸಿದ್ದು ಮದುವೆ ಹಂದರವೋ, ಬಳ್ಳಿ ಹಂದರವೋ?"

ಕರಡಿ ತಲೆ ಕೆರೆದುಕೊಂಡಿತು. "ಹಂದರ ಹಂದರವೇ ಅಲ್ಲವೇ ಅಜ್ಜಿ?"

"ಮದುವೆ ಹಂದರಕ್ಕೆ ಬರೋರನ್ನ ನೋಡಿ ಅಳತೆ ಹಾಕ್ತಾರೆ. ಬಳ್ಳಿ ಹಂದರಕ್ಕೆ ಬಳ್ಳೀನ ನೋಡಿ ಅಳತೆ ಹಾಕ್ತಾರೆ. ತೊಂಡೆಬಳ್ಳಿಗೆ ನಾಲ್ಕು ಕಡ್ಡಿ ಸಾಕು. ಕುಂಬಳಬಳ್ಳಿಗೆ ಆ ಕಡ್ಡಿ ನೆಟ್ಟರೆ ಕಾಯಿ ನೆಲಕ್ಕೆ ಬೀಳುತ್ತೆ. ಈ ಹಂದರ ಕಂಡುಹಿಡಿದವಳು ನಾನೇ ಕಣಪ್ಪ. ಇದರಲ್ಲಿ ದೋಷ ಇಲ್ಲ. ಆನೆಗಳ ಕಾಡಿನಲ್ಲಿ ದಿನಕ್ಕೆ ನೂರು ಸುದ್ದಿ. ಸುದ್ದಿಗೊಬ್ಬಳು ಜೇಡತಿ ಕಾವಲು ಕೂತಿರ್ತಾಳೆ. ಎಳೆ ಹರಿದರೆ ಹೊಲಿಯೋಕೆ ಒಂದು ಕೇರಿಯೇ ಇದೆ. ನಿಮ್ಮಲ್ಲಿ ಯಾರಿದ್ದಾರೆ? ಈ ನರಿ!"

"ಅಜ್ಜಿಗೆ ವಯಸ್ಸಾಯಿತು," ಎಂದ ಜಂಬಣ್ಣ, ಎಲ್ಲರಿಗೂ ಕೇಳುವಂತೆ. "ಹೊಸಕಾಲದವರು ಕಟ್ಟಿದ್ದು ಕಂಡರೆ ಹೊಟ್ಟೆಕಿಚ್ಚು."

"ನಾನು ಕಟ್ಟಿದ್ದನ್ನ ಕಂಡು ನನಗೇ ಹೊಟ್ಟೆಕಿಚ್ಚೇನೋ? ಕೂತ್ಕೊ ಸುಮ್ಮನೆ."

ನೂಲಜ್ಜಿ ಅದೇ ಕಡವೆಯ ಮೇಲೆ ಬೆಟ್ಟಕ್ಕೆ ಹೋದಳು. ಅವಳ ಕೆಲಸ ನೋಡಲು ಯಾರೂ ಹೋಗಲಿಲ್ಲ. ನೋಡಲು ಅಂಥದ್ದೇನೂ ಇರಲೂ ಇಲ್ಲ. ಬೆಟ್ಟದ ನೆತ್ತಿಯಲ್ಲಿ, ಮೊದಲ ಹನಿ ಬೀಳುವ ಬೋಳು ಬಂಡೆಯ ಮೇಲೆ, ಅವಳು ಗಟ್ಟಿಯಾದ ಒಂದೇ ಎಳೆಯನ್ನು ಹಿಂದಕ್ಕೂ ಮುಂದಕ್ಕೂ ಹಾಸಿದಳು. ಅಲ್ಲಿಂದ ಕೆಳಗೆ ಎಳೆಯನ್ನು ಬಂಡೆಗಳ ಸಂದಿಯಲ್ಲೇ ತಂದಳು. ಗಾಳಿ ತಾಗದ ಕಡೆ, ಹನಿ ಬೀಳದ ಕಡೆ, ಹಕ್ಕಿಗಳು ಕೂರದ ಕಡೆ. ತಂದ ದಾರಿಯಲ್ಲಿ ಮತ್ತೆ ಹತ್ತಿ, ಎಲ್ಲಿ ಉಜ್ಜುತ್ತದೆ ಎಂದು ನೋಡಿ, ಮತ್ತೆ ಇಳಿದಳು. ದೊಡ್ಡ ಹಂದರ ಕಟ್ಟಿ ಹೆಸರು ಮಾಡಿದವಳು ಅದೇ ಶ್ರದ್ಧೆಯಿಂದ ಒಂದು ಎಳೆಯನ್ನು ಹಾಸಿದಳು. ಇಂಥವರು ಅಪರೂಪ.

ಎಳೆಯ ತುದಿ ಮುಳ್ಳಕ್ಕನ ಬಿಲಕ್ಕೆ ಬಂತು. ನೂಲಜ್ಜಿ ಅದಕ್ಕೊಂದು ಕುಣಿಕೆ ಹಾಕಿದಳು.

"ಮಲಗುವಾಗ ಈ ಕುಣಿಕೆಯನ್ನ ನಿನ್ನ ಬೆನ್ನಿನ ಒಂದು ಮುಳ್ಳಿಗೆ ಸಿಕ್ಕಿಸಿಕೊ. ನಮ್ಮ ನೂಲಿಗೆ ಒಂದು ಗುಣ ಇದೆ. ಒದ್ದೆಯಾದರೆ ಮುದುಡಿ ಗಿಡ್ಡ ಆಗುತ್ತೆ. ಬೆಟ್ಟದಲ್ಲಿ ಮಳೆ ಬಿದ್ದರೆ ಎಳೆ ನಿನ್ನ ಮುಳ್ಳನ್ನ ಜಗ್ಗುತ್ತೆ. ಗಾಳಿ ಬೀಸಿಯೋ ಹಲ್ಲಿ ಹರಿದಾಡಿಯೋ ಅಲುಗಿದರೆ ಒಂದು ಸಲ ಜಗ್ಗಿ ಬಿಟ್ಟುಬಿಡುತ್ತೆ. ಮಳೆಯಾದರೆ ಜಗ್ಗಿ ಹಿಡಿಯುತ್ತೆ, ಬಿಡಲ್ಲ. ಬಿಡದಿದ್ದರೆ ಏಳು. ಇದನ್ನ ಓದೋಕೆ ಯಾರನ್ನೂ ಕೇಳಬೇಡ."

ಕರಡಿ ಬಗ್ಗಿ ನೋಡಿತು. "ಎಳೆ ಕಾಣ್ತಾನೇ ಇಲ್ಲ. ಇದಕ್ಕೆ ಹಂದರ ಎಲ್ಲಿದೆ ಅಜ್ಜಿ?"

"ಈ ಬಂಡೆಗಳೇ ಹಂದರ. ನಾನು ಬರೋಕೆ ಮೊದಲೇ ಇಲ್ಲಿದ್ದವು."

ನವಿಲು ಕತ್ತು ಉದ್ದ ಮಾಡಿತು. "ಅಜ್ಜಿ, ಇದರಲ್ಲೇ ನನ್ನ ಕುಣಿತದ್ದೂ ಒಂದು ಸ್ವಲ್ಪ..."

"ನಿನಗೆ ಗಂಟಲು ಇಲ್ಲವೇನೋ? ಕೂಗಿ ಹೇಳು. ಇಡೀ ಕಾಡಿಗೆ ಕೇಳುತ್ತೆ."

ಮುಳ್ಳಕ್ಕ ಆ ದಿನ ಎಷ್ಟೋ ಕಾಲದ ಮೇಲೆ ಕಣ್ಣು ತುಂಬ ನಿದ್ದೆ ಮಾಡಿದಳು. ಹಳ್ಳದಲ್ಲಿ ಕೂತ ಜಂಬಣ್ಣನಿಗೆ ಅದನ್ನು ಸಹಿಸಲಾಗಲಿಲ್ಲ. "ಒಂದೆಳೆ ಯಜಮಾನಿ" ಎಂದು ಅವಳಿಗೆ ಹೆಸರಿಟ್ಟ. ಮುಸುವ ಕೂಡ ಹಾಗೆಯೇ ಕರೆದು ನಕ್ಕಿತು. ಮರಿಗಳು ಹಾಲು ಕುಡಿದು ಗುಂಡಗಾದವು.

ಒಂದು ಮಧ್ಯಾಹ್ನ ಕಾಡಿನಲ್ಲಿ ಸುಡುಬಿಸಿಲು. ನವಿಲುಗಳು ಕುಣಿತದ ಪಂದ್ಯ ಇಟ್ಟುಕೊಂಡಿದ್ದವು. ದೊಡ್ಡ ಹಂದರ ಆ ತುದಿಯಿಂದ ಈ ತುದಿಯವರೆಗೆ ಕಂಪಿಸುತ್ತಿತ್ತು. ಜಂಬಣ್ಣ ಹಾಸುಗಲ್ಲಿನ ಮೇಲೆ ಕೂತು ಮೊಟ್ಟೆ ಒಡೆಯುತ್ತಿದ್ದ.

ಬಿಲದೊಳಗೆ ಮುಳ್ಳಕ್ಕನ ಬೆನ್ನಿನ ಮುಳ್ಳನ್ನು ಏನೋ ಜಗ್ಗಿತು. ಅವಳು ಕಣ್ಣು ತೆರೆದಳು. ಬಿಡುತ್ತದೆ ಎಂದು ಕಾದಳು. ಅದು ಬಿಡಲಿಲ್ಲ. ಇನ್ನೂ ಬಿಗಿಯಾಯಿತು.

ಅವಳು ಕುಣಿಕೆ ಕಳಚಿ, ಒಂದು ಮರಿಯನ್ನು ಕಚ್ಚಿಕೊಂಡು ಬಂಡೆ ಹತ್ತಿದಳು. ಸಂದಿಯಲ್ಲಿಟ್ಟು ಇಳಿದು ಬಂದಳು. ಹಳ್ಳದಲ್ಲಿ ಮರಳು ಹೊಳೆಯುತ್ತಿತ್ತು. ತಲೆಯ ಮೇಲೆ ಆಕಾಶ ನೀಲಿಯಾಗಿತ್ತು. ಒಂದು ಕ್ಷಣ ಅವಳಿಗೂ ಅನುಮಾನ ಬಂತು. ಆದರೂ ಎರಡನೆಯ ಮರಿಯನ್ನು ಬಾಯಲ್ಲಿ ಹಿಡಿದು ಹೊರಗೆ ಬಂದಳು. ಕಲ್ಲಿನ ಮೇಲೆ ಕೂತ ಜಂಬಣ್ಣ ಕಂಡ. ಅವಳು ಮರಿಯನ್ನು ಕೆಳಗಿಟ್ಟಳು.

"ಜಂಬಣ್ಣ! ನೀರು ಬರ್ತಿದೆ! ಮೇಲೆ ಬಾ!"

"ಯಾರು ಹೇಳಿದರು? ನಿನ್ನ ಒಂದೆಳೆಯೋ?" ಜಂಬಣ್ಣ ಎಳೆಯ ಮೇಲೆ ಕಾಲಿಟ್ಟು ಕಣ್ಣು ಮುಚ್ಚಿದ. "ನನಗೆ ಕೇಳ್ತಿರೋದು ನವಿಲಿನ ಕುಣಿತ. ಆಕಾಶ ನೋಡೇ ಹುಚ್ಚಿ, ಒಂದು ಮೋಡ ಇದೆಯಾ?"

"ಆಕಾಶ ಬಿಡೋ, ಎದ್ದು ಬಾರೋ!"

"ಗೆಣಸು ತಂದಿದ್ದರೆ ಮಾತಾಡು. ಇಲ್ಲದಿದ್ದರೆ ಹೋಗು."

ಮುಳ್ಳಕ್ಕ ಮರಿಯನ್ನು ಕಚ್ಚಿಕೊಂಡು ಓಡಿದಳು. ಅವಳು ಅರ್ಧ ಬಂಡೆ ಹತ್ತಿದ್ದಳು. ಹಿಂದೆ ಕಲ್ಲುಗಳು ಉರುಳುವ ಸದ್ದು ಕೇಳಿತು. ತಿರುಗಿ ನೋಡುವಷ್ಟರಲ್ಲಿ ಕೆಂಪು ನೀರು ತಿರುವಿನಿಂದ ನುಗ್ಗಿ ಬಂತು. ಅವಳ ಬಿಲದ ಬಾಯಿ ಮುಚ್ಚಿಹೋಯಿತು.

ದೊಡ್ಡ ಹಂದರಕ್ಕೂ ಬೆಟ್ಟದ ಎಳೆ ಇತ್ತು. ಅದೂ ಆ ಹೊತ್ತಿನಲ್ಲಿ ಜಗ್ಗುತ್ತಲೇ ಇತ್ತು. ನೂರು ನಡುಕಗಳ ನಡುವೆ ಅದು ಯಾರಿಗೂ ತಿಳಿಯಲಿಲ್ಲ. ನೀರು ಹಾಸುಗಲ್ಲನ್ನು ನುಂಗಿತು. ಜಂಬಣ್ಣ ನೆಗೆದ. ನೆಗೆದದ್ದು ನೇರವಾಗಿ ಹಂದರದೊಳಕ್ಕೆ. ಎಳೆಗಳು ಮೈಗೆ ಸುತ್ತಿಕೊಂಡವು. ಒದ್ದಾಡಿದಷ್ಟೂ ಬಿಗಿದವು. ಅರ್ಧ ಹಂದರ ಕೊಚ್ಚಿಹೋಯಿತು. ಉಳಿದರ್ಧದಲ್ಲಿ ಅವನು ತಲೆಕೆಳಗಾಗಿ ನೇತಾಡಿದ. ಮೂಗಿನ ಕೆಳಗೇ ನೀರು ಹರಿಯುತ್ತಿತ್ತು.

"ಯಜಮಾನರೇ! ಮುಳ್ಳಕ್ಕಾ! ನನ್ನವ್ವಾ!"

ಸಂಜೆಗೆ ನೀರು ಇಳಿಯಿತು. ಎಲ್ಲರೂ ಬಂದರು. ಕರಡಿ ಜಂಬಣ್ಣನನ್ನು ಎರಡು ಕೈಯಿಂದ ಹಿಡಿದುಕೊಂಡಿತು. ಮುಳ್ಳಕ್ಕ ಎಳೆಗಳನ್ನು ಹಲ್ಲಿನಿಂದ ಒಂದೊಂದಾಗಿ ಕತ್ತರಿಸಿದಳು. ಬೈಯಲಿಲ್ಲ. ಬಾಲಕ್ಕೆ ಅಂಟಿದ ಎಳೆ ಮಾತ್ರ ಬಿಡಲಿಲ್ಲ. ಕೊನೆಗೆ ಎಳೆಯ ಜೊತೆ ಬಾಲದ ಕೂದಲೂ ಬಂತು. ಜಂಬಣ್ಣ ಕೆಳಗಿಳಿದಾಗ ಅವನ ಬಾಲ ಬೋಳು ಕಡ್ಡಿಯಂತೆ ಇತ್ತು. ಮುಸುವ ನಗು ತಡೆಯಲಾರದೆ ಮರ ಹತ್ತಿತು.

"ಜಂಬಣ್ಣ," ಎಂದಿತು ಕರಡಿ, "ತಪ್ಪು ನನ್ನದೂ ಇದೆ. ನಾಲ್ಕು ಜನ ಏನಂತಾರೋ ಅಂತ ನೋಡಿದೆ. ಮುಳ್ಳಕ್ಕ ಏನಂದಳು ಅಂತ ಕೇಳಲಿಲ್ಲ. ಆದರೆ ನೀನು ಅವಳ ಮರಿಗಳ ಹಾಲಿಗೆ ಕೈಹಾಕಿದೆ. ನಾಳೆಯಿಂದ ಗುಡ್ಡದ ಹಿಂದೆ ಹೋಗಿ ಗೆಣಸು ಅಗೆ. ಅವಳ ಉಗ್ರಾಣ ಮೊದಲಿದ್ದ ಹಾಗೆ ತುಂಬುವವರೆಗೆ ಈ ಕಡೆ ಮುಖ ಹಾಕಬೇಡ."

ಜಂಬಣ್ಣ ತಲೆ ತಗ್ಗಿಸಿದ. ನಡೆಯಲು ಹೊರಟವನು ನಿಂತ. ಅವನಿಗೆ ಒಂದು ವಿಷಯ ತಿಳಿಯದೆ ಹೋಗಲು ಮನಸ್ಸು ಬರಲಿಲ್ಲ. ಬಂಡೆಯ ಸಂದಿಯಲ್ಲಿ ಎಳೆ ಪರೀಕ್ಷಿಸುತ್ತಿದ್ದ ನೂಲಜ್ಜಿಯ ಹತ್ತಿರ ಹೋದ.

"ಅಜ್ಜಿ, ಕೋಪ ಮಾಡ್ಕೋಬೇಡಿ. ಇಷ್ಟು ಒಳ್ಳೆ ಕೆಲಸಕ್ಕೆ ನೀವು ಮುಳ್ಳಕ್ಕನ ಹತ್ತಿರ ಏನು ತಗೊಂಡಿರಿ? ಗೆಣಸಂತೂ ಅವಳ ಹತ್ತಿರ ಉಳಿದಿರಲಿಲ್ಲ."

"ಕೆಲಸ ಒಂದು ಸಲ ನಡೆದು ತೋರಿಸುವವರೆಗೆ ನಾನು ಏನೂ ತಗೊಳ್ಳೋದಿಲ್ಲ," ಎಂದಳು ನೂಲಜ್ಜಿ. "ಇವತ್ತು ನಡೀತು. ಈಗಷ್ಟೇ ಕೇಳಿದೆ. ಅವಳು ಸಂತೋಷವಾಗಿ ಒಪ್ಪಿಕೊಂಡಳು."

"ಏನು ಕೇಳಿದಿರಿ?"

"ನೆರೆ ಇಳಿದಿದೆ. ದಡದ ತುಂಬ ಕೆಸರು. ಇನ್ನು ಮಳೆಗಾಲ ಮುಗಿಯೋವರೆಗೆ ಅವಳ ಬಿಲದ ಬಾಯಲ್ಲಿ ಏಳೋ ಸೊಳ್ಳೆಗಳೆಲ್ಲ ನನ್ನವು."

ನೀತಿ: ಕಾಡಿನ ಜಾಲವಾಗಲಿ, ಕಂಪ್ಯೂಟರಿನ ಜಾಲತಾಣವಾಗಲಿ, ಹಂದರವನ್ನು, ಅಂದರೆ ಅದನ್ನು ಕಟ್ಟುವ ಚೌಕಟ್ಟನ್ನು, ಹೆಸರು ಕೇಳಿ ಆರಿಸಬಾರದು; ಅದರಿಂದ ಯಾರಿಗೆ ಯಾವ ಕೆಲಸ ಆಗಬೇಕು ಎಂಬುದನ್ನು ಕೇಳಿ ಆರಿಸಬೇಕು.